ಡಯಾನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ‘ಬೋಜ್ಯಾಕ್ ಹಾರ್ಸ್‌ಮನ್’ ನೋಡುವ ಕಾಸರಗೋಡಿನ ಗೆಳೆಯರಿಗೆ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯ ಗೆಳೆಯರು ಒಂದಲ್ಲ ಒಂದು ಸಲ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಕೆಲವು ಫೋನಿನಲ್ಲಿ ಬಂದವು, ಕೆಲವು ಮದುವೆ ಊಟದ ಪಂಕ್ತಿಯಲ್ಲಿ, ಇನ್ನು ಕೆಲವನ್ನು ಉದ್ದುದ್ದ ಬರೆದು ಕಳಿಸಿದ್ದಾರೆ. ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಗುಂಪು ಇನ್ನೂ ನೋಡದವರಿಗೆ. ಅಲ್ಲಿಂದ ಮುಂದೆ ಕಥೆಯ ಗುಟ್ಟೆಲ್ಲ ಹೊರಗೆ ಬರುತ್ತದೆ, ಕೊನೆಯ ಕಂತಿನದ್ದೂ ಸೇರಿ.

## ಇನ್ನೂ ನೋಡದವರು ಕೇಳುವುದು

ಕಾರ್ಟೂನ್ ಅಲ್ವಾ ಇದು? ಮಕ್ಕಳ ಜೊತೆ ಕೂತು ನೋಡಬಹುದಾ?

ಬೇಡ. ಚಿತ್ರ ಬಣ್ಣಬಣ್ಣದ್ದು, ಪ್ರಾಣಿಗಳು ಕೋಟು ಹಾಕಿಕೊಂಡು ಓಡಾಡುತ್ತವೆ, ಅದನ್ನು ನೋಡಿ ಮಕ್ಕಳು ಬಂದು ಪಕ್ಕದಲ್ಲಿ ಕೂರುತ್ತಾರೆ. ಆದರೆ ಒಳಗೆ ಇರುವುದು ಕುಡಿತ, ಡ್ರಗ್ಸ್, ಲೈಂಗಿಕ ವಿಷಯ, ಆತ್ಮಹತ್ಯೆಯ ಯೋಚನೆ. ಇದು ದೊಡ್ಡವರಿಗೆ ಅಂತಲೇ ಮಾಡಿದ್ದು. ನಿಮ್ಮ ಮನಸ್ಸೇ ಸರಿ ಇಲ್ಲದ ದಿನಗಳಲ್ಲಿ ನೀವೂ ಸ್ವಲ್ಪ ತಡೆದು ನೋಡಿ.

ಇದೆಂತ ಕುದುರೆಯ ಕಥೆ? ಅದರಲ್ಲಿ ಡಯಾನ್ ಯಾರು?

ರಾಫೆಲ್ ಬಾಬ್-ವಾಕ್ಸ್‌ಬರ್ಗ್ ಸೃಷ್ಟಿಸಿದ ಸರಣಿ, ಪಾತ್ರಗಳ ರೂಪ ಕೊಟ್ಟವರು ಲೀಸಾ ಹನವಾಲ್ಟ್. ನೆಟ್‌ಫ್ಲಿಕ್ಸ್‌ನಲ್ಲಿ 2014ರ ಆಗಸ್ಟ್‌ನಲ್ಲಿ ಶುರುವಾಗಿ 2020ರ ಜನವರಿ 31ಕ್ಕೆ ಮುಗಿಯಿತು. 6 ಸೀಸನ್. ಮನುಷ್ಯರೂ ಪ್ರಾಣಿಗಳೂ ಒಟ್ಟಿಗೆ ಬದುಕುವ ಲಾಸ್ ಏಂಜಲೀಸ್ ಅದು. 1990ರ ದಶಕದಲ್ಲಿ ಟಿವಿ ಧಾರಾವಾಹಿಯಿಂದ ಹೆಸರು ಮಾಡಿ ಈಗ ಸುಮ್ನೆ ಮನೆಯಲ್ಲಿ ಕುಡಿದು ಬಿದ್ದಿರುವ ಕುದುರೆಯೇ ಬೋಜ್ಯಾಕ್. ಅವನಿಗೆ ಆತ್ಮಕಥೆ ಬರೆಯಬೇಕು, ಬರೆಯಲು ಆಗುವುದಿಲ್ಲ. ಪ್ರಕಾಶಕರು ಅವನ ಹೆಸರಿನಲ್ಲಿ ಬರೆದು ಕೊಡಲು ಒಬ್ಬಳನ್ನು ಗೊತ್ತು ಮಾಡುತ್ತಾರೆ. ಅವಳೇ ಡಯಾನ್ ನ್ವಿನ್. ಬೋಸ್ಟನ್‌ನಲ್ಲಿ ಬೆಳೆದವಳು, ವಿಯೆಟ್ನಾಂ ಮೂಲದ ಕುಟುಂಬ. ಪ್ರಾಣಿ ಅಲ್ಲ, ಮನುಷ್ಯಳೇ. ಕನ್ನಡಕ, ಹಸಿರು ಜಾಕೆಟ್, ಬಾಯಿ ತೆರೆದರೆ ನೇರ ಮಾತು.

ನಾಯಕನನ್ನು ಬಿಟ್ಟು ಬದಿಯ ಪಾತ್ರದ ಬಗ್ಗೆ ಇಷ್ಟೆಲ್ಲ ಯಾಕೆ ಅಕ್ಕಾ?

ತಾಳಮದ್ದಳೆ ಕೇಳಿ ಬೆಳೆದ ನಮ್ಮೂರಿನವರು ಇದನ್ನು ಕೇಳುವುದು ನನಗೆ ಆಶ್ಚರ್ಯ! ಪ್ರಸಂಗ ಕೃಷ್ಣನದ್ದೇ ಇರಬಹುದು, ಆದರೆ ವಿದುರನ ಅರ್ಥ ಹೇಳುವವರು ಗಟ್ಟಿಯಾಗಿದ್ದರೆ ಆ ರಾತ್ರಿ ವಿದುರನದ್ದೇ ಅಲ್ವಾ? ಡಯಾನ್ ಹಾಗೆ. ಬೋಜ್ಯಾಕ್ ಮತ್ತೆ ಮತ್ತೆ ಅದೇ ಗುಂಡಿಗೆ ಬೀಳುತ್ತಾನೆ, ಏಳುತ್ತಾನೆ, ಬೀಳುತ್ತಾನೆ. ಡಯಾನ್ ಮಾತ್ರ ಆರು ಸೀಸನ್‌ನಲ್ಲಿ ನಿಧಾನಕ್ಕೆ ಬೇರೆಯೇ ಒಬ್ಬಳಾಗುತ್ತಾಳೆ. ಅದೂ ನಾವು ಎಣಿಸಿದ ದಿಕ್ಕಿಗೆ ಅಲ್ಲ.

## ಅರ್ಧ ನೋಡಿದವರು ಕೇಳುವುದು

ಡಯಾನ್ ಜಾಸ್ತಿ ಉಪದೇಶ ಮಾಡ್ತಾಳೆ, ಕಿರಿಕಿರಿ ಆಗ್ತದೆ. ನನಗೆ ಮಾತ್ರವಾ?

ನಿಮಗೆ ಮಾತ್ರ ಅಲ್ಲ. ಎಷ್ಟೋ ಜನ ಎರಡನೇ ಸೀಸನ್‌ಗೆ ಬರುವಾಗ ಇದನ್ನೇ ಹೇಳುತ್ತಾರೆ. ಅವಳಿಗೆ ಪ್ರತಿಯೊಂದರಲ್ಲೂ ಸರಿ ತಪ್ಪು ಕಾಣುತ್ತದೆ, ಕಂಡದ್ದನ್ನು ಹೇಳದೆ ಇರಲು ಆಗುವುದಿಲ್ಲ. ಆದರೆ ಹ್ಯಾಂಕ್ ಎಂಬ ಟಿವಿ ನಿರೂಪಕನ ಕಂತನ್ನು ಇನ್ನೊಮ್ಮೆ ನೋಡಿ, ಎರಡನೇ ಸೀಸನ್‌ನ ಏಳನೆಯದು. ಅವನ ಹಳೆಯ ಸಹಾಯಕಿಯರು ಅವನ ಮೇಲೆ ದೂರು ಹೇಳಿದ್ದು ಮೊದಲೇ ಎಲ್ಲರಿಗೂ ಗೊತ್ತಾಗುವಂತೆ ಇತ್ತು. ಡಯಾನ್ ಅದನ್ನು ಒಂದು ಸಭೆಯಲ್ಲಿ ಹೆಸರು ಹಿಡಿದು ಹೇಳಿದಳು, ಅಷ್ಟೇ. ಊರಿಗೆ ಊರೇ ಅವಳ ಮೇಲೆ ಬಿತ್ತು, ಬೆದರಿಕೆ ಬಂತು, ಗಂಡ ಮಿಸ್ಟರ್ ಪೀನಟ್‌ಬಟರ್‌ಗೂ ಇರಿಸುಮುರಿಸು. ಹ್ಯಾಂಕ್‌ಗೆ ಏನೂ ಆಗಲಿಲ್ಲ. ಈ ಕಂತು ಬಂದದ್ದು 2015ರಲ್ಲಿ. ‘ಮೀ ಟೂ’ ಜಗತ್ತಿನಾದ್ಯಂತ ಎದ್ದದ್ದು 2017ರ ಅಕ್ಟೋಬರ್‌ನಲ್ಲಿ.

ಇದಾದ ಮೇಲೆ ಅವಳು ಏನು ಮಾಡುತ್ತಾಳೆ ನೋಡಿ. ಯುದ್ಧ ನಡೆಯುವ ಕಾರ್ಡೋವಿಯಾ ಎಂಬ ಕಲ್ಪನೆಯ ದೇಶಕ್ಕೆ ಹೋಗುತ್ತಾಳೆ, ದೊಡ್ಡದೊಂದು ಕೆಲಸ ಮಾಡಬೇಕು ಅಂತ. ತಡೆಯಲಾಗದೆ ವಾಪಸ್ ಬರುತ್ತಾಳೆ. ಬಂದವಳು ಗಂಡನ ಮನೆಗೆ ಹೋಗುವುದಿಲ್ಲ, ಬೋಜ್ಯಾಕ್‌ನ ಮನೆಯಲ್ಲಿ ಅಡಗಿ ಕೂತು ಕುಡಿಯುತ್ತಾಳೆ, ಗಂಡನಿಗೆ ಫೋನ್ ಮಾಡಿ ಇನ್ನೂ ಅಲ್ಲೇ ಇದ್ದೇನೆ ಅಂತ ಸುಳ್ಳು ಹೇಳುತ್ತಾಳೆ. ಉಪದೇಶದ ಕೆಳಗೆ ಏನಿತ್ತು ಅಂತ ಆಗ ಕಾಣುತ್ತದೆ. ದೊಡ್ಡದೇನಾದರೂ ಮಾಡಿದರೆ ಮಾತ್ರ ತನಗೆ ಬೆಲೆ ಅಂತ ಆಕೆ ಖಂಡಿತ ನಂಬಿದ್ದಾಳೆ. ಈ ನಂಬಿಕೆ ಬಿಡಲು ಅವಳಿಗೆ ಇನ್ನೂ ನಾಲ್ಕು ಸೀಸನ್ ಬೇಕಾಯಿತು.

ಅಪ್ಪ ಸತ್ತದ್ದಕ್ಕೆ ಬೋಸ್ಟನ್‌ಗೆ ಹೋಗುವ ಕಂತು ಬಿಟ್ಟು ಮುಂದೆ ಹೋದರೆ ನಡೀತದಾ?

ನಡೆಯುವುದಿಲ್ಲ. ಮೊದಲ ಸೀಸನ್‌ನ ಐದನೇ ಕಂತು, ಡಯಾನ್‌ನ ಮುಂದಿನ ಬದುಕಿಗೆಲ್ಲ ಅಡಿಪಾಯ ಅದು. ಅಣ್ಣತಮ್ಮಂದಿರು ಅವಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ತಮಾಷೆ ಮಾಡುತ್ತಾರೆ. ಅಂತ್ಯಸಂಸ್ಕಾರದ ಓಡಾಟ ಎಲ್ಲ ಇವಳ ತಲೆಗೆ. ಅಪ್ಪನ ಹೆಣಕ್ಕೂ ಆ ಮನೆಯಲ್ಲಿ ಮರ್ಯಾದೆ ಇಲ್ಲ. ತಾನು ಇಲ್ಲಿಂದ ತಪ್ಪಿಸಿಕೊಂಡು ಹೋಗಿ ಏನೋ ಆದೆ ಅಂತ ಇವರಿಗೆ ತೋರಿಸಬೇಕು ಅನ್ನುವ ಹಟ ಅವಳಲ್ಲಿ ಎಷ್ಟಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ಅವರಂತೂ ನೋಡುವ ಜನ ಅಲ್ಲ.

ಮಿಸ್ಟರ್ ಪೀನಟ್‌ಬಟರ್ ಪಾಪ ಒಳ್ಳೆಯವನೇ ಅಲ್ವಾ? ಅವನನ್ನು ಯಾಕೆ ಬಿಟ್ಟಳು?

ಒಳ್ಳೆಯವನೇ. ಅದರಲ್ಲಿ ಎರಡು ಮಾತಿಲ್ಲ. ಅವನು ನಾಯಿ, ಮನಸ್ಸೂ ಹಾಗೇ, ಪ್ರೀತಿ ಉಕ್ಕಿ ಹರಿಯುತ್ತದೆ. ಆದರೆ ಅವಳು ಏನು ಹೇಳುತ್ತಾಳೆ ಅಂತ ಕೇಳಿಸಿಕೊಳ್ಳುವುದಿಲ್ಲ. ದೊಡ್ಡ ದೊಡ್ಡ ಸರ್‌ಪ್ರೈಸ್ ನನಗೆ ಬೇಡ ಅಂತ ಅವಳು ಎಷ್ಟು ಸಲ ಹೇಳಿದರೂ ಮಾಡುತ್ತಾನೆ. ನಾಲ್ಕನೇ ಸೀಸನ್‌ನ ಕೊನೆಯಲ್ಲಿ, ಅವಳು ಯಾವಾಗಲೋ ಹೇಳಿದ ಕನಸಿನ ಗ್ರಂಥಾಲಯವನ್ನು ಮನೆಯಲ್ಲೇ ಕಟ್ಟಿಸಿ ತೋರಿಸುತ್ತಾನೆ. ಅದು ತನ್ನೊಳಗೆ ಮಾತ್ರ ಇರಬೇಕಿದ್ದ ಕನಸು ಅಂತ ಅವಳಿಗೆ ಸಂಕಟ. ಈ ಮದುವೆ ಚೆಂದ ಕಾಣಬೇಕಾದರೆ ಕಣ್ಣು ಕಿರಿದು ಮಾಡಿಯೇ ನೋಡಬೇಕು, ಹಾಗೆ ನೋಡಿ ನೋಡಿ ಸಾಕಾಗಿದೆ ಅನ್ನುವ ಅರ್ಥದಲ್ಲಿ ಅವಳು ಅಳುತ್ತಾಳೆ.

ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹೇಳುವ ಮಾತು ಒಂದುಂಟು: ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಇನ್ನೆಂತ ಬೇಕು ನಿನಗೆ? ಡಯಾನ್‌ನ ವಿಚ್ಛೇದನ ಈ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ನಾನು ತಿಳಿಯುತ್ತೇನೆ. ಹಾಗಂತ ಬಿಟ್ಟ ಮರುದಿನವೇ ಅವಳು ಸರಿಹೋಗಲಿಲ್ಲ. ಐದನೇ ಸೀಸನ್‌ನಲ್ಲಿ ಅವನಿಗೆ ಬೇರೆ ಗೆಳತಿ ಇದ್ದಾಗಲೂ ಇಬ್ಬರೂ ಮತ್ತೆ ಒಮ್ಮೆ ಹತ್ತಿರವಾಗುತ್ತಾರೆ, ಅದರಿಂದ ಮೂರನೆಯವಳಿಗೆ ನೋವಾಗುತ್ತದೆ. ಡಯಾನ್ ತಪ್ಪು ಮಾಡಿದ್ದನ್ನು ಸರಣಿ ಮುಚ್ಚಿಡುವುದಿಲ್ಲ.

ವಿಯೆಟ್ನಾಂಗೆ ಹೋಗುವ ಕಂತು ನೋಡುವಾಗ ನಮ್ಮ ಊರೇ ನೆನಪಾಯಿತು. ಇದು ನನ್ನ ತಲೆಯ ಸಮಸ್ಯೆಯಾ?

ಅಲ್ಲವೇ ಅಲ್ಲ. ಈ ಪ್ರಶ್ನೆ ಬೇರೆ ಬೇರೆ ಬಾಯಿಂದ ಬಂದಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಐದನೇ ಸೀಸನ್‌ನ ಎರಡನೇ ಕಂತು. ವಿಚ್ಛೇದನದ ನೋವಿನಲ್ಲಿ ಡಯಾನ್ ಗಂಟು ಕಟ್ಟಿಕೊಂಡು ವಿಯೆಟ್ನಾಂಗೆ ಹೋಗುತ್ತಾಳೆ. ಆಗ ಅವಳು ಕೆಲಸ ಮಾಡುವುದು ‘ಗರ್ಲ್ ಕ್ರೂಶ್’ ಎಂಬ ಜಾಲತಾಣಕ್ಕೆ, ಅಲ್ಲಿ ‘ಹತ್ತು ಕಾರಣಗಳು’ ಥರದ ಪಟ್ಟಿ ಬರೆಯುವ ಕೆಲಸ, ಕಂತೂ ಅದೇ ಪಟ್ಟಿಯ ಅಚ್ಚಿನಲ್ಲೇ ಸಾಗುತ್ತದೆ. ಪೂರ್ವಿಕರ ನೆಲ ಮುಟ್ಟಿದರೆ ಒಳಗಿನ ಖಾಲಿ ತುಂಬೀತು ಅಂತ ಆಸೆ. ಅಲ್ಲಿಯವರು ಇವಳ ಮುಖ ನೋಡಿ ವಿಯೆಟ್ನಾಮೀಸ್‌ನಲ್ಲಿ ಮಾತಾಡಿಸುತ್ತಾರೆ, ಇವಳಿಗೆ ಬರುವುದಿಲ್ಲ. ಅಲ್ಲಿಗೇ ಶೂಟಿಂಗ್‌ಗೆ ಬಂದ ಅಮೆರಿಕದವನೊಬ್ಬ ಇವಳನ್ನು ಅದೇ ಊರಿನ ಹುಡುಗಿ ಅಂದುಕೊಳ್ಳುತ್ತಾನೆ. ಇವಳೂ ಇಂಗ್ಲಿಷ್ ಬಾರದವಳ ಹಾಗೆ ಸ್ವಲ್ಪ ಹೊತ್ತು ನಟಿಸುತ್ತಾಳೆ. ಎರಡೂ ಕಡೆ ಅವಳು ಹೊರಗಿನವಳೇ.

ನಾವು ಬೆಂಗಳೂರಿಗೆ ಹೋಗಿ ಬಾಯಿ ತೆರೆದರೆ “ನೀವು ಕೇರಳದವರಾ, ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ” ಅನ್ನುತ್ತಾರೆ. ತಿರುವನಂತಪುರದ ಆಫೀಸಿಗೆ ಹೋದರೆ ನಮ್ಮ ಮಲಯಾಳ ಕೇಳಿ ಕರ್ನಾಟಕದವರಾ ಅಂತ ಕೇಳುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಅಜ್ಜ, ಅಪ್ಪ, ನಾವು ಎಲ್ಲರೂ ಇದನ್ನು ಕೇಳಿದವರೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರಿಗೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು, ಆಗಲಿಲ್ಲ. ಹಾಗಾಗಿ ಡಯಾನ್‌ನ ಮುಖ ಸಣ್ಣದಾಗುವಾಗ ನಮ್ಮ ಎದೆಗೆ ತಾಗುವುದು ಸಹಜ.

ಒಂದು ವ್ಯತ್ಯಾಸ ಮರೆಯಬಾರದು ಮಾತ್ರ. ನಮ್ಮ ಮನೆಯಲ್ಲಿ ಭಾಷೆ ಉಂಟು, ಒಂದಲ್ಲ, ನಾಲ್ಕೈದು. ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಪಕ್ಕದ ಮನೆಯಲ್ಲಿ ಮರಾಠಿ. ಡಯಾನ್‌ಗೆ ತನ್ನ ಹಿರಿಯರ ಭಾಷೆ ಮನೆಯಲ್ಲೂ ಸಿಗಲಿಲ್ಲ. ಅವಳ ಒಂಟಿತನ ನಮ್ಮದಕ್ಕಿಂತ ಆಳದ್ದು. ಆ ಪ್ರವಾಸದಿಂದ ಅವಳಿಗೆ ಬೇರು ಸಿಗುವುದಿಲ್ಲ. ಒಬ್ಬಳೇ ಇದ್ದರೂ ಬದುಕಬಲ್ಲೆ ಅನ್ನುವ ಧೈರ್ಯ ಮಾತ್ರ ಸಿಗುತ್ತದೆ. ನನಗೆ ಈ ಕಂತಿನ ಮೇಲೆ ಪ್ರೀತಿ ಇರುವುದು ಇದಕ್ಕೇ. ಮೂಲ ಹುಡುಕಿ ಹೋದವರಿಗೆಲ್ಲ ಮೂಲ ಸಿಕ್ಕಿತು ಅಂತ ಸುಳ್ಳು ಹೇಳುವುದಿಲ್ಲ.

## ಪೂರ್ತಿ ನೋಡಿ ಮುಗಿಸಿದವರು ಕೇಳುವುದು

ಮಾತ್ರೆ ತಿಂದರೆ ಎಲ್ಲ ಸರಿ ಆಗ್ತದೆ ಅಂತ ತೋರಿಸಿದ್ದು ಸರಿಯಾ?

ಹಾಗೆ ತೋರಿಸಿಲ್ಲ. ಆರನೇ ಸೀಸನ್‌ನಲ್ಲಿ ಡಯಾನ್ ಷಿಕಾಗೋದಲ್ಲಿ ಗೈ ಜೊತೆ ಇದ್ದಾಳೆ. ಗೈ ಕಾಡೆಮ್ಮೆ ಜಾತಿಯವನು, ಕ್ಯಾಮೆರಾ ಕೆಲಸದವನು, ಶಾಂತ ಮನುಷ್ಯ. ಒಳ್ಳೆಯ ಸಂಗಾತಿ ಸಿಕ್ಕಿಯೂ ಅವಳಿಗೆ ಹಾಸಿಗೆಯಿಂದ ಏಳಲಾಗುವುದಿಲ್ಲ. ಬೋಜ್ಯಾಕ್ ನೋಡಲು ಬಂದಾಗ ಅವಳ ಅವಸ್ಥೆ ಕಂಡು, ಖಿನ್ನತೆಗೆ ಮಾತ್ರೆ ತೆಗೆದುಕೋ ಅಂತ ಒತ್ತಾಯ ಮಾಡುತ್ತಾನೆ. ಅವಳಿಗೆ ಮನಸ್ಸಿಲ್ಲ, ಹಿಂದೆ ಮಾತ್ರೆಯಿಂದ ದಪ್ಪ ಆಗಿದ್ದಳು. ಕೊನೆಗೆ ತೆಗೆದುಕೊಳ್ಳುತ್ತಾಳೆ. ಮಾತ್ರೆಯಿಂದ ಅವಳಿಗೆ ಸಿಕ್ಕಿದ್ದು ಸಂತೋಷ ಅಲ್ಲ, ಎದ್ದು ಕೂರುವಷ್ಟು ಶಕ್ತಿ. ಬರೆಯಲು ಆಗುತ್ತಿಲ್ಲ ಅಂತ ನಡುವೆ ತಾನೇ ನಿಲ್ಲಿಸುತ್ತಾಳೆ, ನಿಲ್ಲಿಸಿದ್ದಕ್ಕೆ ಮೈ ಹದಗೆಡುತ್ತದೆ. ದಯವಿಟ್ಟು ಆ ಭಾಗವನ್ನು ಗಮನ ಕೊಟ್ಟು ನೋಡಿ. ಈ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಥಟ್ಟನೆ ಬಿಡಬಾರದು.

ನಮ್ಮ ಕಡೆ ಮೊದಲು ಜೋಯಿಸರು, ಆಮೇಲೆ ದೈವದ ನುಡಿ, ಕೊನೆಗೆ ಬೇಕಿದ್ದರೆ ಡಾಕ್ಟರ್. ನಂಬಿಕೆ ಬಿಡಿ ಅಂತ ನಾನು ಹೇಳುವುದಿಲ್ಲ, ಡಾಕ್ಟರನ್ನು ಕೊನೆಗೆ ಇಡಬೇಡಿ ಅಂತ ಹೇಳುತ್ತೇನೆ. ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿ ಉಂಟು, 14416. ದುಡ್ಡಿಲ್ಲ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

ಅವಳು ದಪ್ಪ ಆದದ್ದನ್ನು ಕಥೆಯಲ್ಲಿ ಯಾರೂ ದೊಡ್ಡದು ಮಾಡುವುದಿಲ್ಲ. ಯಾಕೆ?

ದೊಡ್ಡದು ಮಾಡುವ ವಿಷಯ ಅಲ್ಲ, ಅದಕ್ಕೆ. ತೂಕ ಹೆಚ್ಚಾಯಿತು, ಕೂದಲಿನ ರೀತಿ ಬದಲಾಯಿತು, ಗೈ ಅವಳನ್ನು ಮೊದಲಿನ ಹಾಗೇ ನೋಡುತ್ತಾನೆ, ಕಥೆ ಮುಂದೆ ಹೋಗುತ್ತದೆ. ನಮ್ಮ ಮದುವೆ ಮನೆಗಳಲ್ಲಿ ಊಟಕ್ಕಿಂತ ಮೊದಲು ಬಡಿಸುವ ಮಾತೇ “ಎಂತ, ದಪ್ಪ ಆಗಿದ್ದೀ?” ಅಂತ. ಅದನ್ನು ಕೇಳಿ ಕೇಳಿ ಬೇಸತ್ತವರಿಗೆ ಈ ಭಾಗ ಸಮಾಧಾನ ಕೊಡುತ್ತದೆ.

ಅಷ್ಟು ವರ್ಷ ದೊಡ್ಡ ಪುಸ್ತಕ ಬರೀತೇನೆ ಅಂದವಳು ಕೊನೆಗೆ ಮಕ್ಕಳ ಪತ್ತೇದಾರಿ ಕಥೆ ಬರೆದಳು. ಸೋತಳು ಅಂತಲೇ ಅಲ್ವಾ?

ನನ್ನ ಪ್ರಕಾರ ಇಡೀ ಸರಣಿಯಲ್ಲಿ ಒಬ್ಬರು ನಿಜವಾಗಿ ಬೆಳೆದ ಕ್ಷಣ ಎಲ್ಲಾದರೂ ಇದ್ದರೆ ಅದು ಇದು. ಆರನೇ ಸೀಸನ್‌ನ ಹತ್ತನೇ ಕಂತು. ಡಯಾನ್ ತನ್ನ ಬಾಲ್ಯ, ಮನೆಯವರ ತಾತ್ಸಾರ, ಎಲ್ಲ ನೋವುಗಳನ್ನು ಸೇರಿಸಿ ಆತ್ಮಕಥೆಯ ಪ್ರಬಂಧಗಳನ್ನು ಬರೆಯಲು ಕೂರುತ್ತಾಳೆ. ಅವಳ ತಲೆಯೊಳಗಿನದ್ದನ್ನು ಇಲ್ಲಿ ಗೀಚಿದ ಗೆರೆಗಳಲ್ಲಿ ತೋರಿಸಿದ್ದಾರೆ. ಗೆರೆ ಮೂಡುತ್ತದೆ, ಕದಡುತ್ತದೆ, ಅಳಿಸಿಹೋಗುತ್ತದೆ, ಅವಳನ್ನೇ ಬೈಯುತ್ತದೆ. ಬರೆಯಲು ಆಗದೆ ಒದ್ದಾಡುವಾಗ ನಡುವೆ ಬೇಡದ ಅತಿಥಿಯಾಗಿ ಒಬ್ಬ ಹುಡುಗಿ ನುಗ್ಗುತ್ತಾಳೆ: ಐವಿ ಟ್ರಾನ್, ಶಾಪಿಂಗ್ ಮಾಲ್‌ನ ತಿಂಡಿ ಅಂಗಡಿಗಳ ನಡುವೆ ಪತ್ತೇದಾರಿ ಮಾಡುವವಳು. ಅವಳ ಕಥೆ ಸಲೀಸಾಗಿ ಬರುತ್ತದೆ, ಬಣ್ಣದಲ್ಲಿ ಬರುತ್ತದೆ.

ಅದಕ್ಕೆ ಡಯಾನ್‌ಗೆ ಖುಷಿ ಆಗಬೇಕಿತ್ತು ಅಲ್ವಾ? ಸಿಟ್ಟು ಬರುತ್ತದೆ. ಬೋಜ್ಯಾಕ್‌ನ ಏಜೆಂಟ್ ಆಗಿದ್ದ ಪ್ರಿನ್ಸೆಸ್ ಕ್ಯಾರೋಲಿನ್ ಆ ಪುಟಗಳನ್ನು ಓದಿ ಮೆಚ್ಚಿಕೊಂಡಾಗ ಇನ್ನೂ ಸಿಟ್ಟು. ಆ ಪ್ರಬಂಧದ ಪುಸ್ತಕ ಬರೆಯದಿದ್ದರೆ, ತಾನು ಪಟ್ಟ ಪಾಡಿಗೆಲ್ಲ ಏನು ಅರ್ಥ ಬಂತು? ಅದು ಸುಮ್ನೆ ಪಾಡಾಗಿಯೇ ಉಳಿಯಿತಲ್ಲ? ಸಣ್ಣವಳಿದ್ದಾಗ ಈ ನೋವು ತನ್ನನ್ನು ವಿಶೇಷದವಳಾಗಿ ಮಾಡಿದೆ ಅಂತ ನಂಬಿದ್ದಳು. ಎಂದಾದರೂ ಬರೆದು ತನ್ನಂಥ ಹುಡುಗಿಯರ ಒಂಟಿತನ ಕಡಿಮೆ ಮಾಡುತ್ತೇನೆ ಅಂತ ಅಂದುಕೊಂಡಿದ್ದಳು. ಆಗ ಪ್ರಿನ್ಸೆಸ್ ಕ್ಯಾರೋಲಿನ್ ಹೇಳುವುದು ಬಹಳ ಸರಳ: ನನ್ನ ಮಗಳು ಬೆಳೆಯುವಾಗ ಇಂಥ ಪುಸ್ತಕ ಅವಳಿಗೆ ಸಿಗಲಿ.

ಯೋಚನೆ ಮಾಡಿ, ಅವಳ ಆಸೆ ಪೂರ್ತಿ ಈಡೇರಿದೆ. ಒಂಟಿ ಹುಡುಗಿಯರಿಗೆ ಜೊತೆ ಸಿಕ್ಕಿತು. ಈಡೇರದೆ ಉಳಿದದ್ದು ಒಂದೇ, ತನ್ನ ನೋವಿಗೆ ಜಗತ್ತು ಬೆಲೆ ಕಟ್ಟಿ ಕೊಡಬೇಕು ಅನ್ನುವುದು. ಅದನ್ನು ಅವಳು ಬಿಟ್ಟಳು. ಬಿಟ್ಟ ಮೇಲೆ ಬರಹ ಬಂತು. ಇದನ್ನು ಸೋಲು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದ್ರೆ ಗಡಿನಾಡಿನ ನೋವನ್ನು ನಾವು ಬರೆಯಬಾರದು ಅಂತಲಾ ಅಕ್ಕಾ ನೀವು ಹೇಳುವುದು?

ಖಂಡಿತ ಬರೆಯಬೇಕು. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡಿನ ಕನ್ನಡಕ್ಕಾಗಿ ಬದುಕಿಡೀ ಹೋರಾಡಿದರು, ಬರೆದರು. ಅವರು ಬರೆಯದಿದ್ದರೆ ನಮಗೆ ನಮ್ಮ ಕಥೆಯೇ ಗೊತ್ತಿರುತ್ತಿರಲಿಲ್ಲ. ಶಾಲೆಯಲ್ಲಿ ಕನ್ನಡ ಬಾರದ ಟೀಚರನ್ನು ಹಾಕಿದಾಗ, ಅರ್ಜಿ ಫಾರಂ ಮಲಯಾಳದಲ್ಲಿ ಮಾತ್ರ ಕೊಟ್ಟಾಗ ಬರೆಯಲೇಬೇಕು.

ನನಗೆ ಬೇಸರ ಬೇರೆಯದು. ಕಾಸರಗೋಡಿನ ಹುಡುಗಿ ಒಂದು ಕಥೆ ಬರೆದಳು ಅಂದರೆ ಆಚೆ ಕಡೆಯವರು ಮೊದಲು ಕೇಳುವುದು, ಇದರಲ್ಲಿ ಗಡಿ ಎಲ್ಲುಂಟು, ಸಂಕಟ ಎಲ್ಲುಂಟು ಅಂತ. ಅವಳಿಗೆ ದೆವ್ವದ ಕಥೆ ಬರೆಯುವ ಮನಸ್ಸಿರಬಹುದು. ಬೇಕಲ ಕೋಟೆಯಲ್ಲಿ ಕಳೆದುಹೋದ ಚಪ್ಪಲಿಯ ಪತ್ತೇದಾರಿ ಬರೆಯಬೇಕು ಅಂತ ಇರಬಹುದು. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಅಂಥದ್ದು ಸಿಕ್ಕಿದರೆ ಅವರು ಬಿಡದೆ ಓದುತ್ತಾರೆ. ಹಾಗೆ ಬರೆಯುವಾಗ ಊರಿಗೆ ದ್ರೋಹ ಮಾಡಿದೆ ಅಂತ ಅವಳಿಗೆ ಅನಿಸಬಾರದು. ಇಂಥ ಅಳುಕು ಬರೆದು ಕಳಿಸಿದ ತಂಗಿಯೊಬ್ಬಳಿಗೆ ನಾನು ಹೇಳಿದ್ದು ಇಷ್ಟೇ: ಡಯಾನ್‌ನ ಆ ಕಂತು ನೋಡು, ಆಮೇಲೆ ನಿನ್ನ ದೆವ್ವದ ಕಥೆ ಮುಗಿಸಿ ಕಳಿಸು.

ಬೋಜ್ಯಾಕ್ ಅಷ್ಟು ಕಷ್ಟದಲ್ಲಿರುವಾಗ ಅವನನ್ನು ದೂರ ಮಾಡಿದ್ದು ಸ್ವಾರ್ಥ ಅಲ್ವಾ?

ಅವಳು ಅವನಿಗಾಗಿ ಮಾಡಿದ್ದನ್ನು ಮೊದಲು ಲೆಕ್ಕ ಹಾಕಿ. ಅವನ ಪುಸ್ತಕ ಬರೆದುಕೊಟ್ಟಳು. ನಾನು ಆಳದಲ್ಲಿ ಒಳ್ಳೆಯವನಾ ಅಂತ ಅವನು ಕೇಳಿದಾಗ, ಆಳ ಅಂತ ಒಂದಿದೆ ಅಂತ ನಾನು ನಂಬುವುದಿಲ್ಲ, ಮಾಡಿದ ಕೆಲಸಗಳೇ ನಾವು ಅಂತ ಮುಖಕ್ಕೆ ಹೇಳಿದಳು, ಮೊದಲ ಸೀಸನ್‌ನಲ್ಲೇ. ಐದನೇ ಸೀಸನ್‌ನಲ್ಲಿ ಅವನ ದೊಡ್ಡ ತಪ್ಪು ಗೊತ್ತಾಗಿ ಕೆಂಡಾಮಂಡಲವಾದಳು. ಆದರೂ ಕೊನೆಗೆ ಚಟ ಬಿಡಿಸುವ ಕೇಂದ್ರಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟವಳೂ ಅವಳೇ.

ಆಮೇಲೆ ಆರನೇ ಸೀಸನ್‌ನ ಕೊನೆಯಲ್ಲಿ ಅವನು ಕುಡಿದು ಈಜುಕೊಳಕ್ಕೆ ಇಳಿಯುವ ಮೊದಲು ಅವಳಿಗೆ ಫೋನ್ ಮಾಡಿ ಸಂದೇಶ ಬಿಟ್ಟ. ಅವಳು ದೂರದಲ್ಲಿದ್ದಾಳೆ, ಏನೂ ಮಾಡುವ ಹಾಗಿಲ್ಲ. ಗಂಟೆಗಟ್ಟಲೆ ಅವನು ಸತ್ತ ಅಂತಲೇ ತಿಳಿದು ಕೂತಿದ್ದಳು. ತನ್ನ ಜೀವ ಉಳಿಸುವ ಭಾರವನ್ನು ಇನ್ನೊಬ್ಬರ ತಲೆ ಮೇಲೆ ಇಟ್ಟು ಹೋಗುವುದು ಎಷ್ಟು ದೊಡ್ಡ ಅನ್ಯಾಯ ಅಂತ ಅವಳಿಗೆ ಆವತ್ತು ತಿಳಿಯಿತು. ಕೊನೆಯ ಕಂತಿನಲ್ಲಿ ಅವಳು ಅದನ್ನು ಅವನಿಗೆ ಹೇಳುತ್ತಾಳೆ, ಕಿರುಚದೆ. ಅವಳಿಗೆ ಗೈ ಜೊತೆ ಮದುವೆಯಾಗಿದೆ, ಹ್ಯೂಸ್ಟನ್‌ನಲ್ಲಿ ಮನೆ. ಕೆಲವರು ನಮ್ಮನ್ನು ಈಗಿನ ನಾವಾಗಿ ಮಾಡುತ್ತಾರೆ, ಅದಕ್ಕೆ ಋಣಿಯಾಗಿರಬಹುದು, ಬದುಕಿಡೀ ಜೊತೆಗಿರಲೇಬೇಕು ಅಂತಿಲ್ಲ, ಹೀಗೆ ಬರುತ್ತದೆ ಅವಳ ಮಾತು. ಮೊದಲ ಸೀಸನ್‌ನ ಡಯಾನ್ ಆಗಿದ್ದರೆ ಅವನನ್ನು ಸರಿಮಾಡಲು ಹ್ಯೂಸ್ಟನ್ ಬಿಟ್ಟು ಬರುತ್ತಿದ್ದಳು.

ಡಯಾನ್‌ಗೆ ಧ್ವನಿ ಕೊಟ್ಟವರು ವಿಯೆಟ್ನಾಂ ಮೂಲದವರಲ್ಲ ಅಂತೆ, ಹೌದಾ?

ಹೌದು. ಧ್ವನಿ ಆಲಿಸನ್ ಬ್ರೀ ಅವರದ್ದು, ಅವರು ಬಿಳಿಯರು. 2020ರ ಜೂನ್‌ನಲ್ಲಿ, ಸರಣಿ ಮುಗಿದ ಮೇಲೆ, ಆ ಪಾತ್ರಕ್ಕೆ ತಾನು ಧ್ವನಿ ಕೊಡಬಾರದಿತ್ತು ಅಂತ ಅವರೇ ಬಹಿರಂಗವಾಗಿ ಹೇಳಿದರು. ನಟನೆ ಚೆನ್ನಾಗಿದೆ, ಆದರೂ ಈ ಕೊರತೆ ಇದ್ದೇ ಇದೆ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡೇ ನಾನು ನೋಡುತ್ತೇನೆ.

ಬರೇ ಡಯಾನ್‌ಗೋಸ್ಕರ ಇನ್ನೊಮ್ಮೆ ನೋಡುವುದಾದರೆ ಯಾವ ಕಂತು ನೋಡಲಿ?

ಮೊದಲ ಸೀಸನ್‌ನ 5 ಮತ್ತು 12, ಎರಡನೆಯದರ 7. ಮೂರನೆಯದರ 6, ಅದರಲ್ಲಿ ಅವಳ ಗರ್ಭಪಾತದ ವಿಷಯ ಬರುತ್ತದೆ, ಅವಳ ನಿರ್ಧಾರವನ್ನು ಎಷ್ಟು ಸಹಜವಾಗಿ ಇಟ್ಟಿದ್ದಾರೆ ನೋಡಿ. ನಾಲ್ಕನೆಯದರ ಕೊನೆಯದು. ಐದನೆಯದರ 2 ಮತ್ತು 12. ಆರನೆಯದರ 7, 10, 16. ಇಷ್ಟು ನೋಡುವಾಗ ಅವಳು ಎಲ್ಲಿ ಕೂತು ಬರೆಯುತ್ತಾಳೆ ಅನ್ನುವುದರ ಮೇಲೆ ಒಂದು ಕಣ್ಣಿರಲಿ. ಆರನೇ ಸೀಸನ್‌ನ 15ನೆಯದು ಪೂರ್ತಿ ಬೋಜ್ಯಾಕ್‌ನದ್ದು, ಭಾರದ ಕಂತು, ಡಯಾನ್ ಕಥೆಗೆ ಬೇಕಿಲ್ಲ ಅನಿಸಬಹುದು. ಆದರೆ ಅದನ್ನು ಬಿಟ್ಟರೆ 16ರಲ್ಲಿ ಅವಳ ಸಿಟ್ಟು ಅರ್ಧವೇ ಅರ್ಥವಾಗುತ್ತದೆ. ಅದನ್ನು ಹಗಲು ಹೊತ್ತು ನೋಡಿ, ಯಾರಾದರೂ ಜೊತೆಗಿದ್ದರೆ ಒಳ್ಳೆಯದು.